ಹಬ್ಬ ಒಂದು ದಿನ, ಡಬ್ಬ ಇಪ್ಪತ್ತು ದಿನ

ಗೌರಿ–ಗಣೇಶ ಮುಗಿದ ಮರುದಿನ ಯಾವ ಮನೆಯ ಅಡುಗೆಮನೆಗೆ ಹೋದರೂ ಸಾಲಾಗಿ ಜೋಡಿಸಿಟ್ಟ ಸ್ಟೀಲ್ ಡಬ್ಬಗಳು ಕಾಣುತ್ತವೆ. ಒಂದರಲ್ಲಿ ಚಕ್ಕುಲಿ, ಇನ್ನೊಂದರಲ್ಲಿ ಕೋಡುಬಳೆ, ಮತ್ತೊಂದರಲ್ಲಿ ಕರ್ಜಿಕಾಯಿ, ಅದರ ಮೇಲೆ ರವೆ ಉಂಡೆಯ ಪುಟ್ಟ ಡಬ್ಬಿ. ಕಡುಬು, ಹೋಳಿಗೆ, ಪಾಯಸ ಹಬ್ಬದ ದಿನವೇ ಖರ್ಚಾಗಿರುತ್ತವೆ. ಡಬ್ಬದ ತಿಂಡಿ ಹಾಗಲ್ಲ, ಅದು ಉಳಿಯಲೆಂದೇ ಮಾಡಿದ್ದು. ಶಾಲೆಯಿಂದ ಬಂದ ಮಗು ಚೀಲ ಎಸೆದು ಒಂದು ಉಂಡೆ ಬಾಯಿಗೆ ಹಾಕಿಕೊಳ್ಳುತ್ತದೆ. ಕಾಫಿಯ ಜೊತೆ ಅಪ್ಪನಿಗೆ ಎರಡು ಚಕ್ಕುಲಿ. ಟಿವಿ ಮುಂದೆ ಕೂತ ಅಜ್ಜನಿಗೆ ಕರ್ಜಿಕಾಯಿಯ ಅರ್ಧ ತುಂಡು. ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದವರ ಕೈಯೂ ತಾನಾಗಿಯೇ ಡಬ್ಬದ ಮುಚ್ಚಳಕ್ಕೆ ಹೋಗುತ್ತದೆ. ಹೀಗೆ ಎರಡು ಮೂರು ವಾರ ನಡೆಯುತ್ತದೆ. ಈ ಡಬ್ಬ ಖಾಲಿಯಾಗುವ ಹೊತ್ತಿಗೆ ದಸರೆ, ದಸರೆಯ ಡಬ್ಬ ಖಾಲಿಯಾಗುವ ಹೊತ್ತಿಗೆ ದೀಪಾವಳಿ.

ಹಬ್ಬದ ಕಾಲಕ್ಕೆ ಹಲ್ಲು, ವಸಡು ಜೋಪಾನ ಎಂದು ಹೇಳುವವರೆಲ್ಲ ಬೊಟ್ಟು ಮಾಡುವುದು ಸಿಹಿಯ ಕಡೆಗೆ. ಸಿಹಿ ಬಿಡಿ, ಕಡಿಮೆ ತಿನ್ನಿ, ಬದಲಿಗೆ ಹಣ್ಣು ತಿನ್ನಿ ಎನ್ನುತ್ತಾರೆ. ಈ ಉಪದೇಶವನ್ನು ಯಾರೂ ಕೇಳುವುದಿಲ್ಲ. ಹಬ್ಬದ ದಿನದ ಮಟ್ಟಿಗೆ ಕೇಳಬೇಕಾದ ಅಗತ್ಯವೂ ಇಲ್ಲ. ಎಲೆಯ ಮೇಲೆ ಬಡಿಸಿದ ಎರಡು ಹೋಳಿಗೆ ಹಲ್ಲಿಗೆ ಮಾಡುವ ಕೇಡಿಗಿಂತ ದಿನಕ್ಕೆ ಎಂಟು ಸಲ ತೆರೆದು ಮುಚ್ಚುವ ಡಬ್ಬ ಮಾಡುವ ಕೇಡು ಎಷ್ಟೋ ಪಾಲು ಹೆಚ್ಚು. ಹಲ್ಲಿನ ವಿಜ್ಞಾನ ಇದನ್ನು ಎಪ್ಪತ್ತು ಎಂಬತ್ತು ವರ್ಷಗಳಿಂದ ಹೇಳುತ್ತಲೇ ಇದೆ. ಮನೆಗಳಿಗೆ ಮಾತ್ರ ಈ ಮಾತು ಇನ್ನೂ ಸರಿಯಾಗಿ ತಲುಪಿಲ್ಲ.

ಹಲ್ಲಿನ ಹೊರಪದರ ಎನಾಮಲ್. ಮನುಷ್ಯನ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಅಷ್ಟು ಗಟ್ಟಿಯಾದ ಪದರವನ್ನೂ ಆಮ್ಲ ಕರಗಿಸುತ್ತದೆ. ಹಲ್ಲಿನ ಮೇಲೆ ಕೂರುವ ಪಾಚಿಯಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂಥ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ. ನಾವು ತಿಂದ ಸಕ್ಕರೆ ಅವಕ್ಕೂ ಊಟ. ತಿಂದು ಅವು ಬಿಡುವುದು ಆಮ್ಲ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲ್ಮೈಯ ಪಿಎಚ್ 5.5ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿಂದ ಎನಾಮಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ. ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ದಂತವೈದ್ಯದ ಮೊದಲ ಪಾಠಗಳಲ್ಲಿ ಇವತ್ತಿಗೂ ಅವರ ಹೆಸರಿನ ರೇಖಾಚಿತ್ರ ಇರುತ್ತದೆ.

ಕರಗಿದ್ದನ್ನು ಮರಳಿ ತುಂಬುವುದು ಜೊಲ್ಲಿನ ಕೆಲಸ. ಜೊಲ್ಲು ಆಮ್ಲವನ್ನು ತೊಳೆಯುತ್ತದೆ, ಅದರ ತೀವ್ರತೆಯನ್ನು ತಗ್ಗಿಸುತ್ತದೆ, ತನ್ನಲ್ಲಿರುವ ಖನಿಜವನ್ನು ಹಲ್ಲಿಗೆ ಕೊಡುತ್ತದೆ. ಅದಕ್ಕೆ ಬೇಕಾದ ಸಮಯ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ. ಲೆಕ್ಕವೆಲ್ಲ ಇರುವುದು ಇಲ್ಲೇ. ದಿನಕ್ಕೆ ಮೂರು ಊಟ, ಎರಡು ಕಾಫಿ ಎಂದರೆ ಐದು ಸಲ ಹಲ್ಲು ಕರಗಿ ಐದು ಸಲ ಚೇತರಿಸಿಕೊಳ್ಳುತ್ತದೆ. ನಡುವೆ ಎಂಟು ಸಲ ಡಬ್ಬ ತೆರೆದರೆ ಒಂದರ ಪೆಟ್ಟಿನಿಂದ ಸುಧಾರಿಸುವುದರೊಳಗೆ ಇನ್ನೊಂದು ಬೀಳುತ್ತದೆ. ಒಂದೇ ಏಟಿಗೆ ನಾಲ್ಕು ಉಂಡೆ ತಿಂದವರಿಗಿಂತ, ನಾಲ್ಕು ಗಂಟೆಯಲ್ಲಿ ಒಂದೇ ಉಂಡೆಯನ್ನು ಚೂರು ಚೂರಾಗಿ ಮುರಿದು ತಿಂದವರ ಹಲ್ಲು ಹೆಚ್ಚು ಹೊತ್ತು ಆಮ್ಲದಲ್ಲಿ ನೆನೆದಿರುತ್ತದೆ.

ಇದು ನಿಜವೆಂದು ತಿಳಿದುಬಂದ ಬಗೆ ಮಾತ್ರ ನೋವಿನದು. ಸ್ವೀಡನ್ನಿನ ಲುಂಡ್ ನಗರದ ಬಳಿ ವಿಪೆಹೋಮ್ ಎಂಬ ಸಂಸ್ಥೆಯಿತ್ತು. ಬುದ್ಧಿಮಾಂದ್ಯರೆಂದು ಗುರುತಿಸಿದವರನ್ನು ಅಲ್ಲಿ ಇರಿಸುತ್ತಿದ್ದರು. 1945ರಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಪ್ರಯೋಗದಲ್ಲಿ ಅವರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಊಟದ ಜೊತೆಯಲ್ಲಿ ಸಕ್ಕರೆ, ಕೆಲವರಿಗೆ ಸಿಹಿ ಬ್ರೆಡ್ಡು, ಇನ್ನು ಕೆಲವರಿಗೆ ಊಟದ ನಡುವಿನ ಹೊತ್ತಿನಲ್ಲಿ ಹಲ್ಲಿಗೆ ಅಂಟುವ ಟಾಫಿ ಕೊಡಲಾಯಿತು. ದಿನಕ್ಕೆ 24 ಟಾಫಿ ತಿಂದ ಗುಂಪೂ ಇತ್ತು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಹೆಚ್ಚಿದ್ದು ಸ್ವಲ್ಪವೇ. ನಡುನಡುವೆ ಅಂಟು ಟಾಫಿ ತಿಂದವರ ಹಲ್ಲುಗಳು ಮಾತ್ರ ಹಾಳಾಗಿ ಹೋದವು. ತಮ್ಮ ಮೇಲೆ ಏನು ನಡೆಯುತ್ತಿದೆ ಎಂದು ಆ ಜನರಿಗೆ ಯಾರೂ ತಿಳಿಸಿರಲಿಲ್ಲ, ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ವೈದ್ಯಕೀಯ ನೀತಿಯ ಚರ್ಚೆಯಲ್ಲಿ ವಿಪೆಹೋಮ್ ಹೆಸರು ಇಂದಿಗೂ ಅನ್ಯಾಯದ ಉದಾಹರಣೆಯಾಗಿಯೇ ಬರುತ್ತದೆ. ಅಷ್ಟೊಂದು ಜನರ ಹಲ್ಲು ಬಲಿಕೊಟ್ಟು ಸಿಕ್ಕ ತಿಳಿವಳಿಕೆಯನ್ನು ಬಳಸದೆ ಬಿಡುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯವಾದೀತು.

ಸ್ವೀಡನ್ ಅದನ್ನು ಬಳಸಿಕೊಂಡಿತು. ಮಕ್ಕಳಿಗೆ ದಿನಾ ಮಿಠಾಯಿ ಬೇಡ, ವಾರಕ್ಕೊಮ್ಮೆ ಶನಿವಾರ ಕೊಡಿ ಎಂದು ಅಲ್ಲಿನ ಆರೋಗ್ಯಾಧಿಕಾರಿಗಳು 1950ರ ದಶಕದಲ್ಲಿ ಹೇಳಿದರು. ಅಲ್ಲಿನ ಮನೆಗಳಲ್ಲಿ ಶನಿವಾರದ ಮಿಠಾಯಿ ಇಂದಿಗೂ ರೂಢಿಯಲ್ಲಿದೆ.

ನಮಗೆ ಶನಿವಾರದ ಮಿಠಾಯಿ ಬೇಕಿಲ್ಲ. ಬಾಳೆಲೆಯ ಊಟದ ಕ್ರಮವೇ ಸಾಕು. ಎಲೆಯ ತುದಿಗೆ ಪಾಯಸ ಬಡಿಸುತ್ತಾರೆ, ಹೋಳಿಗೆಯೋ ಲಾಡುವೋ ಊಟದ ನಡುವೆ ಬರುತ್ತದೆ, ಕೊನೆಗೆ ಮೊಸರನ್ನ ಅಥವಾ ಮಜ್ಜಿಗೆ. ಸಿಹಿ ತಿನ್ನುವ ಹೊತ್ತಿಗೆ ಬಾಯಲ್ಲಿ ಜೊಲ್ಲು ಧಾರಾಳವಾಗಿ ಊರುತ್ತಿರುತ್ತದೆ. ಅದರ ಮೇಲೆ ಸಾರು, ಪಲ್ಯ, ಅನ್ನ ಹೋಗಿ ಅಂಟು ತೊಳೆಯುತ್ತದೆ. ಮೊಸರು ಹುಳಿಯಾದರೂ ಅದರ ಕ್ಯಾಲ್ಸಿಯಂ, ಫಾಸ್ಫೇಟ್ ಹಲ್ಲಿನ ಪರವಾಗಿಯೇ ಕೆಲಸ ಮಾಡುತ್ತವೆ. ಎದ್ದು ಕೈ ತೊಳೆಯುವಾಗ ಹಿರಿಯರು ತಪ್ಪದೆ ಬಾಯಿ ಮುಕ್ಕಳಿಸುತ್ತಿದ್ದರು. ಸಿಹಿಯನ್ನು ಊಟದ ಒಳಗೇ ಮುಗಿಸುವ ಈ ಪದ್ಧತಿಗೆ ಯಾವ ದಂತವೈದ್ಯರೂ ಆಕ್ಷೇಪ ಎತ್ತಲಾರರು. ಹಬ್ಬದ ಮರುದಿನವೂ ಅದನ್ನೇ ಪಾಲಿಸಿದರೆ ಆಯಿತು. ಮಧ್ಯಾಹ್ನದ ಊಟಕ್ಕೆ ಕೂತಾಗ ಡಬ್ಬ ತೆರೆಯಲಿ, ಯಾರಿಗೆ ಎಷ್ಟು ಬೇಕೋ ಬಡಿಸಲಿ. ಎದ್ದ ಮೇಲೆ ಡಬ್ಬ ಅಟ್ಟದ ಮೇಲಕ್ಕೆ ಹೋಗಲಿ.

ಯಾವ ತಿಂಡಿ ಎಷ್ಟು ಹೊತ್ತು ಬಾಯಲ್ಲಿ ಇರುತ್ತದೆ ಎಂಬುದೂ ಮುಖ್ಯ. ಜಾಮೂನು, ಪಾಯಸ ಬೇಗ ಗಂಟಲಿಗಿಳಿಯುತ್ತವೆ. ಉತ್ತರ ಕರ್ನಾಟಕದ ನಾಗರ ಪಂಚಮಿಯ ಉಂಡಿಗಳ ಕಥೆ ಬೇರೆ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ, ಬುಂದಿ ಉಂಡಿ, ತಂಬಿಟ್ಟು ಎಂದು ಐದಾರು ಬಗೆ ಕಟ್ಟುತ್ತಾರೆ, ನೆರೆಹೊರೆಗೆ ಹಂಚುತ್ತಾರೆ, ತವರಿಗೆ ಬಂದ ಹೆಣ್ಣುಮಕ್ಕಳ ಕೈಗೆ ಬುತ್ತಿ ಕಟ್ಟಿ ಕಳಿಸುತ್ತಾರೆ. ಬೆಲ್ಲದ ಪಾಕ ಒಂದೆಳೆ ಹೆಚ್ಚಾದರೆ ಎಳ್ಳುಂಡಿ ಕಲ್ಲಿನಂತಾಗುತ್ತದೆ. ಅಂಥದ್ದನ್ನು ಹಿಂದಿನ ದವಡೆಗೆ ಕೊಟ್ಟು ಕಡಿದರೆ ಹಳೆಯ ಸಿಮೆಂಟು ಕಿತ್ತು ಬರುವುದು, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿಸದೆ ಬಿಟ್ಟ ಹಲ್ಲು ಸೀಳುವುದು ಅಪರೂಪವಲ್ಲ. ಗೋಕಾಕ, ಅಮೀನಗಡದ ಕರದಂಟು ರುಚಿಯಲ್ಲಿ ಎತ್ತಿದ ಕೈ. ಆದರೆ ಅದರ ಬೆಲ್ಲ, ಅಂಟು, ಒಣಹಣ್ಣು ದವಡೆ ಹಲ್ಲಿನ ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತವೆ. ತಿಂದ ಮೇಲೆ ನಾಲಗೆಯಿಂದ ತಡಕಿ ನೋಡಿದರೆ ಅರ್ಧ ಗಂಟೆಯ ನಂತರವೂ ಸಿಗುತ್ತದೆ.

ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಎಂಬ ನಂಬಿಕೆ ಬಲವಾಗಿದೆ. ಹಲ್ಲಿನ ಮಟ್ಟಿಗೆ ಇದರಲ್ಲಿ ಹುರುಳಿಲ್ಲ. ಬೆಲ್ಲದ ಬಹುಪಾಲು ಸುಕ್ರೋಸ್, ಸಕ್ಕರೆಯೂ ಸುಕ್ರೋಸ್. ಬಾಯಿಯ ಬ್ಯಾಕ್ಟೀರಿಯಾ ಎರಡಕ್ಕೂ ಭೇದ ಮಾಡುವುದಿಲ್ಲ. ಜೇನುತುಪ್ಪವೂ ಅಷ್ಟೇ. ಖಾರದ ತಿಂಡಿ ಸುರಕ್ಷಿತ ಎಂಬುದೂ ಪೂರ್ತಿ ನಿಜವಲ್ಲ. ಚಕ್ಕುಲಿಯನ್ನು ಅಗಿದಾಗ ಅದರ ಅಕ್ಕಿಹಿಟ್ಟು ಜೊಲ್ಲಿನಲ್ಲಿ ನೆಂದು ಅಂಟಾಗಿ ದವಡೆ ಹಲ್ಲಿನ ಮೇಲಿನ ಗೀರುಗಳಲ್ಲಿ ಮೆತ್ತಿಕೊಳ್ಳುತ್ತದೆ. ಬಾಯಲ್ಲೇ ಪಿಷ್ಟ ಒಡೆದು ಸಕ್ಕರೆಯಾಗತೊಡಗುತ್ತದೆ. ಸಿಹಿಯಷ್ಟು ಕೇಡಿಲ್ಲದಿದ್ದರೂ ಸಿಹಿಯ ಜೊತೆ ಸೇರಿದಾಗ ಅದು ಸಕ್ಕರೆಯನ್ನು ಹಲ್ಲಿಗೆ ಅಂಟಿಸಿಡುತ್ತದೆ.

ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ. ಎಳ್ಳು–ಬೆಲ್ಲದ ಪೊಟ್ಟಣದಲ್ಲಿ ಎಳ್ಳು, ಕಡಲೆಕಾಯಿ, ಕೊಬ್ಬರಿ, ಹುರಿಗಡಲೆ ಇರುತ್ತವೆ. ಅವನ್ನು ಅಗಿದು ನುಂಗಬೇಕು. ಆನೆ, ಹಂಸ, ಬೃಂದಾವನದ ಅಚ್ಚನ್ನು ಮಗು ಅಗಿಯುವುದಿಲ್ಲ, ಚೀಪುತ್ತದೆ. ಮೊದಲು ಸೊಂಡಿಲು, ಆಮೇಲೆ ಕಾಲು, ಮತ್ತೆ ಕಾಗದದಲ್ಲಿ ಸುತ್ತಿ ಜೇಬಿಗೆ, ಸಂಜೆ ಮತ್ತೆ ಬಾಯಿಗೆ. ಊರೆಲ್ಲ ಎಳ್ಳು ಬೀರಿ ಬಂದ ಮನೆಯಲ್ಲಿ ಇಂಥ ಅಚ್ಚುಗಳು ತಿಂಗಳಾದರೂ ಮುಗಿಯುವುದಿಲ್ಲ. ಸಕ್ಕರೆಯಿಂದ ಬರುವ ಶಕ್ತಿ ದಿನದ ಆಹಾರದ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದೊಡ್ಡವರಿಗೆ ಆ ಶೇ 5 ಎಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ. ಮಕ್ಕಳಿಗೆ ಅದಕ್ಕೂ ಕಡಿಮೆ. ನಡುಗಾತ್ರದ ಎರಡು ಅಚ್ಚಿಗೆ ಮಗುವಿನ ಪಾಲು ಮುಗಿಯಿತು. ಒಂದು ಅಚ್ಚನ್ನು ಊಟದ ಜೊತೆ ಕೊಟ್ಟು, ಉಳಿದವನ್ನು ಪುಡಿ ಮಾಡಿ ಮನೆಯ ಹಾಲು, ಪಾಯಸಕ್ಕೆ ಸಕ್ಕರೆಯ ಬದಲು ಬಳಸುವ ಜಾಣ ಗೃಹಿಣಿಯರಿದ್ದಾರೆ. ಅವರ ದಾರಿ ಸರಿಯಾದದ್ದು.

ಎಲ್ಲ ಧರ್ಮದ ಹಬ್ಬಕ್ಕೂ ಈ ಮಾತು ಸಲ್ಲುತ್ತದೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಕುಸ್ವಾರ್ ಹೊಸ ವರ್ಷ ದಾಟಿಯೂ ಉಳಿಯುತ್ತದೆ. ಕಿಡಿಯೊ, ನೆವ್ರಿ, ಗುಲಾಬಿ ಹೂವಿನ ಕೊಕ್ಕಿಸಗಳ ತಟ್ಟೆ ಬಂದವರೆಲ್ಲರ ಮುಂದೆ ಬರುತ್ತದೆ, ಕೊಡುವ ಮನೆಯವರೂ ಜೊತೆಗೆ ಒಂದೊಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ರಂಜಾನ್ ತಿಂಗಳಲ್ಲಿ ಹಗಲೆಲ್ಲ ನೀರೂ ಇಲ್ಲದೆ ಬಾಯಿ ಒಣಗಿರುತ್ತದೆ. ನಸುಕಿನ ಸಹರಿಯ ಊಟ ಮುಗಿಸಿ ಉಜ್ಜದೆ ಮಲಗಿದರೆ ಆ ದಿನದ ಸಂಜೆಯವರೆಗೆ ಹಲ್ಲಿಗೆ ರಕ್ಷಣೆ ಕಡಿಮೆ. ಅಮೆರಿಕದ ಕನ್ನಡ ಕುಟುಂಬಗಳಿಗೆ ದೀಪಾವಳಿಯ ಜೊತೆಗೇ ಹ್ಯಾಲೋವೀನ್ ಬರುತ್ತದೆ. 2024ರಲ್ಲಂತೂ ನರಕ ಚತುರ್ದಶಿ ಮತ್ತು ಹ್ಯಾಲೋವೀನ್ ಎರಡೂ ಅಕ್ಟೋಬರ್ 31ಕ್ಕೇ ಬಿದ್ದವು. ಮಕ್ಕಳು ಚೀಲ ತುಂಬಿ ತಂದ ಚಾಕೊಲೇಟನ್ನು ದುಡ್ಡು ಕೊಟ್ಟು ಮರಳಿ ಕೊಳ್ಳುವ ದಂತವೈದ್ಯರು ಆ ದೇಶದಲ್ಲಿದ್ದಾರೆ.

ಇನ್ನು ರಾತ್ರಿಯ ಮಾತು. ಹಬ್ಬದ ದಿನ ಮನೆ ಮಲಗುವುದೇ ತಡ. ನೆಂಟರನ್ನು ಬೀಳ್ಕೊಟ್ಟು, ಪಾತ್ರೆ ತೊಳೆದಿಟ್ಟು, ಪಟಾಕಿಯ ಕಸ ಗುಡಿಸುವ ಹೊತ್ತಿಗೆ ಮಕ್ಕಳು ಸೋಫಾದ ಮೇಲೆಯೇ ನಿದ್ದೆ ಹೋಗಿರುತ್ತಾರೆ. ಎಬ್ಬಿಸಿ ಹಲ್ಲುಜ್ಜಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ವರ್ಷದಲ್ಲಿ ಹಲ್ಲುಜ್ಜಲೇಬೇಕಾದ ರಾತ್ರಿಗಳಿದ್ದರೆ ಅವು ಇಂಥವೇ. ನಿದ್ದೆಯಲ್ಲಿ ಜೊಲ್ಲು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ತೊಳೆಯುವವರು, ಖನಿಜ ತುಂಬುವವರು ಯಾರೂ ಇಲ್ಲದ ಬಾಯಲ್ಲಿ ಸಿಹಿ ಆರೇಳು ಗಂಟೆ ಕೂರುತ್ತದೆ. ನಮ್ಮಲ್ಲಿ ಹಲ್ಲುಜ್ಜುವುದು ಬೆಳಗಿನ ಶುಚಿತ್ವದ ಭಾಗ. ಮುಖ ತೊಳೆದು, ಹಲ್ಲುಜ್ಜಿ, ಆಮೇಲೆ ಕಾಫಿ. ಅದು ಇರಲಿ. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕಾದ ಸ್ಥಿತಿ ಬಂದರೆ ರಾತ್ರಿಯದನ್ನು ಆರಿಸಬೇಕು.

ವಸಡಿನ ಕಥೆಯೂ ಇಲ್ಲಿಂದಲೇ ಶುರು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತ ವಸಡಿದ್ದ ಕೆಲವರು, ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು, ಹಲ್ಲುಜ್ಜುವುದನ್ನು ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಒಂದು ವಾರದ ಆಸುಪಾಸಿನಲ್ಲಿ ಸರಿಹೋಯಿತು. ವಸಡಿನ ಊತಕ್ಕೆ ಪಾಚಿಯೇ ಕಾರಣ ಎಂದು ಖಚಿತವಾದದ್ದು ಹೀಗೆ. ಎರಡು ಮೂರು ವಾರ ಎಂದರೆ ನಮ್ಮ ಹಬ್ಬದ ಡಬ್ಬದ ಆಯಸ್ಸೂ ಅಷ್ಟೇ. ದಸರೆ ರಜೆಗೆ ಊರಿಗೆ ಹೋದವರ ಬ್ರಷ್ಷು ಚೀಲದಲ್ಲೇ ಉಳಿದಿರುತ್ತದೆ. ವಾಪಸು ಬಂದ ಮೇಲೆ ಉಜ್ಜಿದಾಗ ಬೇಸಿನ್‌ನಲ್ಲಿ ರಕ್ತ ಕಾಣುತ್ತದೆ. ರಕ್ತ ಕಂಡೊಡನೆ ಹೆಚ್ಚಿನವರು ಆ ಜಾಗ ಮುಟ್ಟುವುದನ್ನೇ ಬಿಡುತ್ತಾರೆ. ಮಾಡಬೇಕಾದದ್ದು ಅದಕ್ಕೆ ತಿರುವುಮುರುವು. ಮೃದು ಎಳೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ನಿಧಾನವಾಗಿ, ತಪ್ಪದೆ ಉಜ್ಜುತ್ತ ಹೋದರೆ ವಾರ ಹತ್ತು ದಿನದಲ್ಲಿ ರಕ್ತ ನಿಲ್ಲಬೇಕು. ನಿಲ್ಲದಿದ್ದರೆ ಹೆಚ್ಚಾಗಿ ಪಾಚಿ ಗಟ್ಟಿಯಾಗಿ ಕಿಟ್ಟವಾಗಿದೆ ಎಂದರ್ಥ. ಅದು ಬ್ರಷ್ಷಿಗೆ ಬಗ್ಗುವುದಿಲ್ಲ, ವೈದ್ಯರೇ ಕೆರೆದು ತೆಗೆಯಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ಭಯದಿಂದ ಎಷ್ಟೋ ಜನ ಮುಂದೂಡುತ್ತಾರೆ. ಹಲ್ಲು ಅಲ್ಲಾಡುವುದು ಕಿಟ್ಟದ ಅಡಿಯಲ್ಲಿ ಮೂಳೆ ಸವೆದಿರುವುದರಿಂದ, ಕಿಟ್ಟ ತೆಗೆದದ್ದರಿಂದಲ್ಲ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ರಕ್ತದಲ್ಲಿ ಸಕ್ಕರೆ ಏರಿದರೆ ವಸಡಿನ ರೋಗ ಬೇಗ ಬಲಿಯುತ್ತದೆ. ವಸಡಿನ ರೋಗ ಬಲಿತರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಹಬ್ಬದ ವಾರದಲ್ಲಿ ಮಾತ್ರೆಯ ಲೆಕ್ಕ ಇಡುವವರು ಬ್ರಷ್ಷಿನ ಲೆಕ್ಕವನ್ನೂ ಇಡಬೇಕು.

ಹಾಲು ಹಲ್ಲು ಹೇಗೂ ಬೀಳುವಂಥದ್ದು ತಾನೇ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ. ಮುಂದಿನ ಹಾಲು ಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ಹಾಲು ದವಡೆಗಳು ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕು. ಅವು ಹುಳುಕಾಗಿ ಬೇಗ ಹೋದರೆ ಕೆಳಗಿನ ಶಾಶ್ವತ ಹಲ್ಲಿಗೆ ಜಾಗ ಸಾಲದೆ ಅಡ್ಡಾದಿಡ್ಡಿ ಏಳುತ್ತದೆ. ಇದಕ್ಕಿಂತಲೂ ಹೆಚ್ಚು ಜನರ ಗಮನ ತಪ್ಪುವುದು ಆರನೇ ವರ್ಷದ ದವಡೆ ಹಲ್ಲು. ಯಾವ ಹಲ್ಲೂ ಬೀಳದೆ, ಹಾಲು ಹಲ್ಲಿನ ಸಾಲಿನ ಕೊಟ್ಟಕೊನೆಯಲ್ಲಿ ಅದು ಸದ್ದಿಲ್ಲದೆ ಮೂಡುತ್ತದೆ. ಹಳೆಯದೇನೂ ಬಿದ್ದಿಲ್ಲವಲ್ಲ, ಇದೂ ಹಾಲು ಹಲ್ಲೇ ಎಂದು ಅಪ್ಪ ಅಮ್ಮ ಭಾವಿಸುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅದರ ನೆತ್ತಿಯ ಮೇಲಿನ ಗೀರುಗಳು ಆಳ, ಹೊಸ ಎನಾಮಲ್ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಒಂದನೇ ಕ್ಲಾಸಿನ ಮಗುವಿನ ಬ್ರಷ್ಷು ಅಷ್ಟು ಹಿಂದಕ್ಕೆ ಮುಟ್ಟುವುದೂ ಇಲ್ಲ. ಏಳೆಂಟು ವರ್ಷದವರೆಗೆ ರಾತ್ರಿಯ ಹೊತ್ತು ದೊಡ್ಡವರೇ ಬ್ರಷ್ಷು ಹಿಡಿಯಬೇಕು. ಆ ಗೀರುಗಳನ್ನು ಸೀಲೆಂಟ್ ಹಾಕಿ ಮುಚ್ಚುವ ಸಣ್ಣ ಚಿಕಿತ್ಸೆಯಿದೆ. ಅದಕ್ಕೆ ಸೂಜಿ ಬೇಡ, ಕೊರೆಯುವುದು ಬೇಡ.

ಪೇಸ್ಟಿನ ವಿಚಾರದಲ್ಲಿ ಕರ್ನಾಟಕಕ್ಕೆ ಅದರದೇ ಆದ ಒಂದು ತೊಡಕಿದೆ. ಫ್ಲೋರೈಡ್ ಇರುವ ಪೇಸ್ಟು ಹುಳುಕನ್ನು ತಡೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಎಳವೆಯಿಂದ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇದನ್ನು ಕಂಡ ಊರುಗಳಲ್ಲಿ ಫ್ಲೋರೈಡ್ ಎಂದರೇ ಹೆದರಿಕೆ. ಅಪಾಯ ಇರುವುದು ದಿನವೂ ಹೊಟ್ಟೆಗೆ ಹೋಗುವ ನೀರಿನಲ್ಲಿ. ಅದಕ್ಕೆ ಶುದ್ಧ ಕುಡಿಯುವ ನೀರು ಕೊಡಬೇಕಾದವರು ಆಡಳಿತದವರು. ಅಂಥ ಊರಿನ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟು ಎಂದು ದಂತವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಉಳಿದ ಕಡೆ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷಕ್ಕೆ ಬಟಾಣಿಯಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನುದ್ದಕ್ಕೂ ಹಾಕಬೇಕಿಲ್ಲ. ಉಜ್ಜಿದ ಮೇಲೆ ಉಗಿದರೆ ಸಾಕು, ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದು ಹೋಗುತ್ತದೆ. ನಿಂಬೆ ಶರಬತ್ತು, ಸೋಡಾ ಕುಡಿದ ತಕ್ಷಣ ಉಜ್ಜಬಾರದು. ಮೆತ್ತಗಾದ ಎನಾಮಲ್ ಬ್ರಷ್ಷಿಗೆ ಸವೆಯುತ್ತದೆ. ಅರ್ಧ ಗಂಟೆ ಬಿಡಬೇಕು. ಇದ್ದಿಲು, ಇಟ್ಟಿಗೆ ಪುಡಿಗಳೂ ಹಲ್ಲನ್ನು ಹೊಳೆಸುವುದು ಅದನ್ನು ಸವೆಸಿಯೇ.

ತಾಂಬೂಲದ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಚಿಕ್ಕಮಗಳೂರಿನ ಸಾವಿರಾರು ಮನೆಗಳ ಒಲೆ ಉರಿಯುವುದು ಅದರಿಂದ. ತಟ್ಟೆಯಲ್ಲಿ ವೀಳ್ಯ, ಅಡಿಕೆ ಇಟ್ಟು ಗೌರವಿಸುವುದು ಬೇರೆ, ಹಬ್ಬದ ನೆಪದಲ್ಲಿ ಶುರುವಾಗಿ ದಿನವಿಡೀ ದವಡೆಯಲ್ಲಿ ಅಡಿಕೆ ಇಟ್ಟುಕೊಳ್ಳುವುದು ಬೇರೆ. ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಿಲ್ಲ, ಖಾರ ತಾಗಿದರೆ ಉರಿಯುತ್ತದೆ ಎನ್ನುವವರು ವೈದ್ಯರನ್ನು ಕಾಣಲು ಒಂದು ದಿನವೂ ತಡಮಾಡಬಾರದು. ಕಡ್ಡಿಪುಡಿ, ಮಿಶ್ರಿಯಂಥ ತಂಬಾಕು ಹಚ್ಚುವ ಹಳ್ಳಿಯ ಹೆಂಗಸರಿಗೆ ಈ ಮಾತು ತಲುಪುವುದು ಇನ್ನೂ ಕಡಿಮೆ. ಅವರ ಬಾಯಿಯನ್ನು ಯಾರೂ ತೆರೆದು ನೋಡುವುದೇ ಇಲ್ಲ.

ಹಬ್ಬದ ದಿನ ಕ್ಲಿನಿಕ್ಕುಗಳು ಮುಚ್ಚಿರುತ್ತವೆ, ಹಲ್ಲುನೋವು ಸರಿಯಾಗಿ ಅಂದೇ ಏಳುತ್ತದೆ. ನೋವಿನ ಮಾತ್ರೆಯನ್ನು ನುಂಗಬೇಕೇ ಹೊರತು ವಸಡಿಗೆ ಒತ್ತಿ ಇಡಬಾರದು. ಆಸ್ಪಿರಿನ್ ಹಾಗೆ ಇಟ್ಟರೆ ವಸಡು ಸುಟ್ಟು ಬೆಳ್ಳಗಾಗುತ್ತದೆ. ಲವಂಗ ತುಸು ಹೊತ್ತು ನೋವು ಮರೆಸೀತು, ಹುಳುಕನ್ನು ವಾಸಿ ಮಾಡದು. ಕೆನ್ನೆ ಊದಿ ಜ್ವರ ಬಂದು, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಹಬ್ಬ ಮುಗಿಯಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆ ಸೋಂಕು ಕತ್ತಿಗೆ ಇಳಿದರೆ ಪ್ರಾಣಕ್ಕೆ ಎರವಾದೀತು. ರಜೆಯಲ್ಲಿ ಕ್ರಿಕೆಟ್ ಆಡುವಾಗ, ಸೈಕಲ್ಲಿನಿಂದ ಬಿದ್ದಾಗ ಮಗುವಿನ ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಮೇಲ್ಭಾಗ ಹಿಡಿದು ಹಾಲಿನ ಲೋಟಕ್ಕೆ ಹಾಕಿ ಅರ್ಧ ಗಂಟೆಯೊಳಗೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಬೇಕು. ಹಲ್ಲು ಮತ್ತೆ ಕೂರುವ ಸಾಧ್ಯತೆ ಇರುತ್ತದೆ. ಹಾಲು ಹಲ್ಲಾದರೆ ಮರಳಿ ಕೂರಿಸುವುದಿಲ್ಲ.

ಇಷ್ಟೆಲ್ಲ ಮನೆಯವರ ಹೊಣೆ. ಸರ್ಕಾರದ ಹೊಣೆಯೂ ಇದೆ, ಅದನ್ನು ಗಟ್ಟಿಯಾಗಿ ಕೇಳಬೇಕು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಮಾಡಿಸಿಕೊಡುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ತಂದಿತು. ಒಳ್ಳೆಯ ಕೆಲಸವೇ. ಆದರೆ ಅರವತ್ತನೇ ವಯಸ್ಸಿಗೆ ಸೆಟ್ಟು ಬೇಕಾಗುವ ಬಾಯಿ ಹಾಳಾಗತೊಡಗುವುದು ಆರನೇ ವಯಸ್ಸಿನಲ್ಲಿ. ಭಾರತೀಯ ದಂತ ವೈದ್ಯಕೀಯ ಪರಿಷತ್ತು ಈ ಶತಮಾನದ ಆರಂಭದಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹನ್ನೆರಡು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಕಂಡಿತ್ತು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಸೇರಿದೆ. ಅಂದರೆ ಶಾಲೆಗೆ ಬರುವ ತಂಡ ಮಗುವಿನ ಬಾಯಿಯನ್ನೂ ನೋಡಬೇಕು. ನೋಡಿ ಚೀಟಿ ಬರೆದುಕೊಟ್ಟರೆ ಮುಗಿಯುವುದಿಲ್ಲ. ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಹೋಗಲು ಎಷ್ಟು ಮನೆಗೆ ಸಾಧ್ಯ? ಸಾಮಾನ್ಯ ಆರೋಗ್ಯ ವಿಮೆಗಳೂ ಅಪಘಾತವಲ್ಲದ ಹಲ್ಲಿನ ಚಿಕಿತ್ಸೆಗೆ ಹೆಚ್ಚಾಗಿ ದುಡ್ಡು ಕೊಡುವುದಿಲ್ಲ. ಕೊನೆಗೆ ನೂರಾರು ರೂಪಾಯಿಯಲ್ಲಿ ಮುಗಿಯಬೇಕಿದ್ದ ಸಿಮೆಂಟು ಸಾವಿರಾರು ರೂಪಾಯಿಯ ರೂಟ್ ಕೆನಾಲ್ ಆಗುತ್ತದೆ, ಇಲ್ಲವೇ ಹಲ್ಲನ್ನೇ ಕೀಳಿಸುತ್ತಾರೆ.

ಈ ರಾಜ್ಯದಲ್ಲಿ ನುರಿತ ಕೈಗಳಿಗೇನೂ ಕೊರತೆಯಿಲ್ಲ. ಬೆಂಗಳೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿ, ಬಳ್ಳಾರಿ ಎಲ್ಲ ಕಡೆಯೂ ದಂತ ವೈದ್ಯಕೀಯ ಕಾಲೇಜುಗಳಿವೆ. ಹಿರಿಯ ಅಧ್ಯಾಪಕರ ಕಣ್ಣೆದುರು ವಿದ್ಯಾರ್ಥಿಗಳು ಅಲ್ಲಿ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಕೊಡುತ್ತಾರೆ. ಹೊರಗಿನ ಕ್ಲಿನಿಕ್ಕಿನ ದರಕ್ಕೆ ಹೆದರಿ ನೋವು ನುಂಗಿ ಕೂತವರು ಮೊದಲು ಅಲ್ಲಿಗೆ ಹೋಗಿ ಕೇಳಬಹುದು. ದಸರೆ ರಜೆ ಮುಗಿದು ಶಾಲೆ ತೆರೆಯುವ ವಾರವನ್ನೇ ಹಲ್ಲಿನ ತಪಾಸಣೆಗೆ ಗೊತ್ತುಮಾಡಿ, ಆಯಾ ಜಿಲ್ಲೆಯ ಕಾಲೇಜುಗಳಿಗೆ ತಾಲ್ಲೂಕು ಹಂಚಿಕೊಟ್ಟು, ಒಂದು ಎರಡನೇ ತರಗತಿಯ ಪ್ರತಿ ಮಗುವಿನ ಆರನೇ ವರ್ಷದ ದವಡೆಗೆ ಶಾಲೆಯಲ್ಲೇ ಸೀಲೆಂಟ್ ಹಾಕಿಸಲು ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಜೊತೆಯಾಗಿ ಒಂದು ಆದೇಶ ಹೊರಡಿಸಬೇಕು. ಬೇಕಾದ ವೈದ್ಯರು, ವಿದ್ಯಾರ್ಥಿಗಳು, ಸಂಚಾರಿ ವಾಹನಗಳು ಈಗಾಗಲೇ ಇವೆ. ಮುಂದಿನ ದಸರೆಗೆ ಒಂದೆರಡು ಜಿಲ್ಲೆಗಳಲ್ಲಾದರೂ ಇದನ್ನು ಶುರು ಮಾಡಬಹುದು.